ಹಾಡಿನ ಕೆಳಗಿನ ಹೆಸರು



ಒಂದು ಹಾಡನ್ನು ಗುನುಗುವಾಗ ನಾವು ಗುನುಗುವುದು ಯಾರ ಸೃಷ್ಟಿಯನ್ನು? ಕೇಳುವುದಕ್ಕೆ ಇದು ಸುಲಭದ ಪ್ರಶ್ನೆ. ಇದಕ್ಕೆ ಉತ್ತರ ಹೇಳಲು ಲಂಡನ್ನಿನ ನ್ಯಾಯಾಲಯಗಳಿಗೆ ನಾಲ್ಕು ವರ್ಷ ಬೇಕಾಯಿತು.

1967ರಲ್ಲಿ ಪ್ರೋಕಲ್ ಹ್ಯಾರಮ್ ಎಂಬ ಇಂಗ್ಲಿಷ್ ರಾಕ್ ತಂಡ ‘ಎ ವೈಟರ್ ಶೇಡ್ ಆಫ್ ಪೇಲ್’ ಎಂಬ ಗೀತೆಯನ್ನು ಹೊರತಂದಿತು. ಆ ಬೇಸಗೆಯಲ್ಲಿ ಅದು ಆರು ವಾರಗಳ ಕಾಲ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಗೀತೆಯ ಕರ್ತೃಗಳೆಂದು ಧ್ವನಿಮುದ್ರಿಕೆಯ ಮೇಲೆ ಅಚ್ಚಾದ ಹೆಸರುಗಳು ಎರಡು: ಸಾಹಿತ್ಯ ಬರೆದ ಕೀತ್ ರೀಡ್, ಸಂಗೀತ ಕೂಡಿಸಿ ಹಾಡಿದ ಗ್ಯಾರಿ ಬ್ರೂಕರ್. ಈ ಹಾಡನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೂ ಅದು ನೆನಪಾದಾಗಲೆಲ್ಲ ನನ್ನ ನಾಲಗೆಗೆ ಬರುವುದು ಅದರ ಮಾತಲ್ಲ, ಗಾಯಕನ ಧಾಟಿಯೂ ಅಲ್ಲ. ಹಾಡಿನ ಬಾಗಿಲಲ್ಲೇ ನಿಂತು ನಮ್ಮನ್ನು ಒಳಗೆ ಕರೆಯುವ ಆರ್ಗನ್ನಿನ ನಾದ. ಬಾಖ್‌ನ ಸಂಗೀತವನ್ನು ನೆನಪಿಗೆ ತರುವ ಆ ಭಾಗವನ್ನು ಕಟ್ಟಿ ನುಡಿಸಿದವರು ತಂಡದ ಮ್ಯಾಥ್ಯೂ ಫಿಶರ್. ಕರ್ತೃಗಳ ಸಾಲಿನಲ್ಲಿ ಅವರ ಹೆಸರಿರಲಿಲ್ಲ. ಹೆಸರು ಕಂಡವರೇ ಹಾಡಿನ ಪೂರ್ಣ ಒಡೆಯರೆಂದು ಬಹುಕಾಲ ನಂಬಿದ್ದವರಲ್ಲಿ ನಾನೂ ಒಬ್ಬ.

ಹೀಗಾಗಲು ಕಾರಣವೇನು? ಹಾಡೆಂದರೆ ಮಾತು ಮತ್ತು ಮಟ್ಟು, ಉಳಿದುದೆಲ್ಲ ಪಕ್ಕವಾದ್ಯದ ಅಲಂಕಾರ ಎಂಬುದು ಹಾಡುಗಳು ಕಾಗದದ ಮೇಲೆ ಅಚ್ಚಾಗಿ ಮಾರಾಟವಾಗುತ್ತಿದ್ದ ಕಾಲದ ಎಣಿಕೆ. ರಾಕ್ ಸಂಗೀತ ಈ ಎಣಿಕೆಯನ್ನು ತಲೆಕೆಳಗು ಮಾಡಿತು. ಅಲ್ಲಿ ಒಬ್ಬ ಅರ್ಧ ಹಾಡನ್ನು ತರುತ್ತಾನೆ. ಇನ್ನೊಬ್ಬನ ಬೆರಳು ಗಿಟಾರಿನ ಮೇಲೆ ಒಂದು ಪುಟ್ಟ ಸ್ವರಗುಚ್ಛವನ್ನು ಹುಡುಕುತ್ತದೆ. ಅದು ಮತ್ತೆ ಮತ್ತೆ ಮರಳಿ ಬಂದು ಹಾಡಿನ ಮುಖವೇ ಆಗಿಬಿಡುತ್ತದೆ. ಇದನ್ನೇ ಅವರು ‘ರಿಫ್’ ಎನ್ನುತ್ತಾರೆ. ಅಲಂಕಾರವೆಂದು ಬದಿಗಿಟ್ಟದ್ದೇ ಇಲ್ಲಿ ಅನೇಕ ವೇಳೆ ಹಾಡಿನ ಜೀವ.

ಹೆಸರಿನ ಜೊತೆಗೆ ಹೊಟ್ಟೆಯ ಮಾತೂ ಇದೆ. ಧ್ವನಿಮುದ್ರಿಕೆಯ ಮಾರಾಟದಿಂದ ಬರುವ ಹಣದಲ್ಲಿ ನುಡಿಸಿದವರಿಗೆ ಒಪ್ಪಂದದಂತೆ ಪಾಲುಂಟು. ಆದರೆ ಕರ್ತೃವೆನಿಸಿದವನಿಗೆ ಅದರ ಜೊತೆಗೆ ಬೇರೊಂದು ಗೌರವಧನ ಸಲ್ಲುತ್ತದೆ. ಬೇರೆಯವರು ಆ ಹಾಡನ್ನು ಹಾಡಿದರೂ ಅದು ಬರುತ್ತದೆ. ಒಂದೇ ಕೋಣೆಯಲ್ಲಿ ಕುಳಿತು ಹಾಡು ಕಟ್ಟಿದ ಗೆಳೆಯರಲ್ಲಿ ಒಬ್ಬ ಸಿರಿವಂತನಾಗಿ ಇನ್ನೊಬ್ಬ ಹಾಗೆಯೇ ಉಳಿಯುವುದು ಇದರಿಂದಲೇ.

ರೋಲಿಂಗ್ ಸ್ಟೋನ್ಸ್ ತಂಡದ ಎರಡು ರಿಫ್‌ಗಳನ್ನು ನೋಡಿ. 1965ರ ‘ಸ್ಯಾಟಿಸ್‌ಫ್ಯಾಕ್ಷನ್’ ಗೀತೆಯ ರಿಫ್ ತಮಗೆ ನಿದ್ದೆಯಲ್ಲಿ ಹೊಳೆಯಿತು, ಎದ್ದು ಧ್ವನಿಮುದ್ರಿಸಿಕೊಂಡು ಮತ್ತೆ ಮಲಗಿದೆ, ಬೆಳಗ್ಗೆ ಕೇಳಿದರೆ ಅದರಲ್ಲಿ ಉಳಿದದ್ದೆಲ್ಲ ತಮ್ಮ ಗೊರಕೆ ಎಂದು ಕೀತ್ ರಿಚರ್ಡ್ಸ್ ಹೇಳಿಕೊಂಡಿದ್ದಾರೆ. ಜ್ಯಾಗರ್-ರಿಚರ್ಡ್ಸ್ ಜೋಡಿಯ ಹೆಸರು ಹಾಡಿನ ಮೇಲಿದ್ದುದರಿಂದ ಆ ನಿದ್ದೆಗೂ ಬೆಲೆ ಬಂತು. 1968ರ ‘ಜಂಪಿನ್ ಜ್ಯಾಕ್ ಫ್ಲ್ಯಾಶ್’ನ ರಿಫ್ ಹುಡುಕಿದ್ದು ತಾವೆಂದು ಬಾಸ್ ವಾದಕ ಬಿಲ್ ವೈಮನ್ ಹೇಳಿದ್ದಾರೆ. ಆ ಹಾಡಿನ ಮೇಲೂ ಇರುವುದು ಜೋಡಿಯ ಹೆಸರೇ.

ಬೀಟಲ್ಸ್ ತಂಡದ ಲೆನನ್ ಮತ್ತು ಮೆಕಾರ್ಟ್ನಿ ಹದಿಹರೆಯದಲ್ಲೇ ಒಂದು ಕರಾರು ಮಾಡಿಕೊಂಡಿದ್ದರು: ಯಾರು ಬರೆದರೂ ಹೆಸರು ಇಬ್ಬರದು. ‘ಯೆಸ್ಟರ್‌ಡೇ’ ಮೆಕಾರ್ಟ್ನಿ ಒಬ್ಬರೇ ರಚಿಸಿದ್ದು. 1965ರ ಧ್ವನಿಮುದ್ರಣದಲ್ಲಿ ತಂಡದ ಬೇರೆ ಯಾರೂ ನುಡಿಸಲಿಲ್ಲ. ಆದರೂ ಲೆನನ್ನರ ಹೆಸರು ಮೊದಲು ಬಂತು. ಲೆನನ್ 1980ರಲ್ಲಿ ಕೊಲೆಯಾದ ಬಹುಕಾಲದ ಮೇಲೆ, 2002ರ ತಮ್ಮ ಒಂದು ಸಂಕಲನದಲ್ಲಿ ಮೆಕಾರ್ಟ್ನಿ ಜೋಡಿ ಹೆಸರಿನ ಕ್ರಮವನ್ನು ಅದಲುಬದಲು ಮಾಡಿದರು. ಕೀರ್ತಿಗೂ ಹಣಕ್ಕೂ ಯಾವ ಕೊರತೆಯೂ ಇಲ್ಲದವರನ್ನೂ ಒಂದು ಹೆಸರಿನ ಹಿಂದುಮುಂದು ಕಾಡಿತೆಂದರೆ, ಸೃಷ್ಟಿಕರ್ತನ ಮಮತೆ ಎಂಥದೆಂದು ಊಹಿಸಬಹುದು.

ಇದನ್ನು ಕಂಡೇ ಇರಬೇಕು, ಕೆಲವರು ಬೇರೆ ದಾರಿ ಹಿಡಿದರು. ಅಮೆರಿಕದ ಆರ್.ಇ.ಎಂ. ತಂಡದ ನಾಲ್ವರು ತಮ್ಮ ಹಾಡುಗಳಿಗೆಲ್ಲ ನಾಲ್ವರ ಹೆಸರನ್ನೂ ಅಕ್ಷರಾನುಕ್ರಮದಲ್ಲಿ ಹಾಕಿ ಸಮಪಾಲು ಹಂಚಿಕೊಂಡರು. ಬೇರೆ ಬೇರೆ ಹೆಸರುಗಳಲ್ಲಿ ಬರೆಯುತ್ತಿದ್ದ ಕ್ವೀನ್ ತಂಡದವರು 1989ರ ‘ದಿ ಮಿರಕಲ್’ ಸಂಕಲನದಲ್ಲಿ ಎಲ್ಲವನ್ನೂ ತಂಡದ ಹೆಸರಿಗೇ ಬರೆದರು. ಲೆಕ್ಕ ಹಾಕಿದರೆ ಇದರಲ್ಲಿ ಹೆಚ್ಚು ದುಡಿದವನಿಗೆ ನಷ್ಟವೇ. ಆದರೆ ಕೂಡಿ ಬಾಳಬೇಕೆಂಬವರು ಅಂಥ ನಷ್ಟವನ್ನು ಲೆಕ್ಕಕ್ಕೆ ತಂದುಕೊಳ್ಳುವುದಿಲ್ಲ.

ಫಿಶರ್ ಮಾತಿಗೆ ಬರೋಣ. ಹಾಡು ಬಂದು ಮೂವತ್ತೆಂಟು ವರ್ಷಗಳ ಬಳಿಕ, 2005ರಲ್ಲಿ, ಅವರು ದಾವೆ ಹೂಡಿದರು. 2006ರಲ್ಲಿ ಉಚ್ಚ ನ್ಯಾಯಾಲಯ ಅವರನ್ನು ಸಹಕರ್ತೃವೆಂದು ಒಪ್ಪಿ ಸಂಗೀತದ ಹಕ್ಕಿನಲ್ಲಿ ಶೇಕಡಾ 40ರ ಪಾಲು ಕೊಟ್ಟಿತು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಸಹಕರ್ತೃವೆಂಬ ಹೆಸರನ್ನು ಉಳಿಸಿ, ತಡಮಾಡಿದರೆಂಬ ಕಾರಣಕ್ಕೆ ಹಣದ ಪಾಲನ್ನು ಕಿತ್ತುಕೊಂಡಿತು. 2009ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು ಅದನ್ನು ಮರಳಿ ಕೊಡಿಸಿದರು. ಆದರೆ ದಾವೆಗೆ ಹಿಂದಿನ ವರ್ಷಗಳ ಗಳಿಕೆ ಮಾತ್ರ ಕೈಸೇರಲಿಲ್ಲ.

ಈ ತೀರ್ಪಿನಲ್ಲಿ ಗೆದ್ದವರು ಯಾರು? ನನಗೆ ತೋಚುವಂತೆ, ಗೆಲುವು ಪೂರ್ಣವಲ್ಲ. ಹಾಡು ಹುಟ್ಟಿದ ದಿನ ಗೆಳೆಯರು ನಾಲ್ಕು ಮಾತಿನಲ್ಲಿ ಮುಗಿಸಬಹುದಾಗಿದ್ದುದನ್ನು ನಾಲ್ಕು ದಶಕಗಳ ನಂತರ ವಕೀಲರು ಮುಗಿಸಿದರು. ಬ್ರೂಕರ್ ಇಲ್ಲದೆ ಆ ಹಾಡಿಲ್ಲ. ಫಿಶರ್ ಇಲ್ಲದೆಯೂ ನಾವು ಬಲ್ಲ ಆ ಹಾಡಿಲ್ಲ. ಕಾನೂನು ಈ ಎರಡನ್ನು ಶೇಕಡಾವಾರು ಅಳೆಯಬಲ್ಲದು, ಕಿವಿ ಅಳೆಯಲಾರದು.

ಈಗಲೂ ಆ ಆರ್ಗನ್ನಿನ ನಾದ ನನ್ನ ನಾಲಗೆಗೆ ಬರುತ್ತದೆ. ಬಂದಾಗ, ಹಿಂದೆ ಅಚ್ಚಾಗದಿದ್ದ ಆ ಹೆಸರನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಕೇಳುಗ ಸಲ್ಲಿಸಬಹುದಾದ ಗೌರವಧನ ಅಷ್ಟೇ.