ಹಳ್ಳಿಯ ಮನೆ ಕೊಳ್ಳುವ ಮುನ್ನ



ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಏನು ಮಾಡುತ್ತಾನೆ ಎಂಬುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಜೊತೆಗೆ ಬಂದ ಹಿರಿಯರು ತಲೆಯಾಡಿಸಿದ ಮೇಲೆಯೇ ವ್ಯಾಪಾರದ ಮಾತು. ಅದೇ ರೈತ ಎತ್ತಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು ಹಣ ಕೊಟ್ಟು ಮನೆ ಕೊಳ್ಳುವಾಗ ಮಾತ್ರ ಪಡಸಾಲೆಯಲ್ಲಿ ಕುಳಿತು, ಚಹಾ ಕುಡಿದು, ಗೋಡೆಯ ಸುಣ್ಣ ನೋಡಿ, "ಮನೆ ಗಟ್ಟಿಮುಟ್ಟಾಗಿದೆ" ಎಂದು ಎದ್ದುಬರುತ್ತಾನೆ. ಎತ್ತಿಗೆ ಇರುವ ಪರೀಕ್ಷೆ ಮನೆಗೆ ಯಾಕಿಲ್ಲ? ಇಂದಿನ ಮಾತುಕತೆ ಈ ಪ್ರಶ್ನೆಯನ್ನು ಕುರಿತದ್ದು.

ಮನೆ ಕೊಳ್ಳುವ ಕಾಲ ನಿಮಗೆ ಇನ್ನೂ ದೂರವಿದೆ, ನಿಜ. ಆದರೆ ಮನೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದುತ್ತಿರುವವರು ನೀವು. "ಬಂದು ನೋಡಿ ಹೇಳಪ್ಪ, ಓದಿದವನು ನೀನು" ಎಂದು ಹಿರಿಯರು ಕರೆಯುವುದು ನಿಮ್ಮನ್ನೇ. ಹಾಗೆ ಕರೆಸಿಕೊಂಡು ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳುತ್ತೇನೆ.

ಕಾಕಾ ಕೊಂಡ ಮನೆ

ನಾನು ಆಗಷ್ಟೇ ಸಿವಿಲ್ ಎಂಜಿನಿಯರಿಂಗ್ ಮುಗಿಸಿದ್ದೆ. ಶಾಲಾ ಮಾಸ್ತರರಾಗಿದ್ದ ನಮ್ಮ ಕಾಕಾ ನಿವೃತ್ತರಾಗಿ, ಗದಗಿನ ಕಡೆಯ ಒಂದು ಹಳ್ಳಿಯಲ್ಲಿ ಹಳೆಯ ಮಾಳಿಗೆ ಮನೆ ಕೊಳ್ಳಲು ಹೊರಟಿದ್ದರು. ಜೀವಮಾನದ ಉಳಿತಾಯವೆಲ್ಲ ಅದಕ್ಕೇ. ಮರುದಿನ ಮುಂಗಡ ಕೊಡುವುದಿತ್ತು. ನನ್ನನ್ನು ಕರೆದುಕೊಂಡು ಹೋದರು. ಎರಡಡಿ ದಪ್ಪದ ಗೋಡೆ, ಕೆತ್ತನೆಯ ಬಾಗಿಲು, ಹೊಸ ಸುಣ್ಣ. ಅರ್ಧ ಗಂಟೆ ಸುತ್ತಾಡಿ, "ಕಾಕಾ, ಇನ್ನೂ ಐವತ್ತು ವರ್ಷ ಚಿಂತಿಲ್ಲ" ಎಂದೆ.

ಅಲ್ಲಿಗೆ ಬೇರೆ ಯಾವುದೋ ಕೆಲಸಕ್ಕೆ ಬಂದಿದ್ದ ವಯಸ್ಸಾದ ಗೌಂಡಿಯೊಬ್ಬರು ನನ್ನ ಮಾತು ಕೇಳಿ ನಕ್ಕರು. "ಸಾಹೇಬ್ರ, ಸುಣ್ಣ ನೋಡಬ್ಯಾಡ್ರಿ, ಜಂತಿ ನೋಡ್ರಿ" ಎಂದು ಏಣಿ ತರಿಸಿದರು. ಜಂತಿಯು ಗೋಡೆಯೊಳಗೆ ಹೋಗುವ ಜಾಗದಲ್ಲಿ ಒಂದು ಚಾಕುವನ್ನು ಒತ್ತಿದರು. ಅದು ಬೆಣ್ಣೆಗೆ ಇಳಿದಂತೆ ಹಿಡಿಯವರೆಗೆ ಇಳಿಯಿತು. ಹೊರಗೆ ಕಪ್ಪಗೆ ಮಿರುಗುತ್ತಿದ್ದ ಮರದ ಒಳಗನ್ನು ಗೆದ್ದಲು ತಿಂದು ಮುಗಿಸಿತ್ತು.

ಮನೆ ಮಾರುತ್ತಿದ್ದ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನನಗೂ ಗೊತ್ತಿರಲಿಲ್ಲಪ್ಪಾ. ನಾನೂ ದಿನಾ ಅದರ ಕೆಳಗ ಮಲಗತೀನಿ" ಎಂದರು. ಆ ಮಾತು ನನಗೆ ಇಂದಿಗೂ ಮರೆತಿಲ್ಲ. ಅವರು ಯಾರನ್ನೂ ಮೋಸಗೊಳಿಸಲು ಹೊರಟಿರಲಿಲ್ಲ. ನೋಡಬೇಕಾದವನು ನಾನು, ನೋಡಲಿಲ್ಲ.

ಎರಡು ಪರೀಕ್ಷೆಗಳು

ಮನೆ ಕೊಳ್ಳುವ ಮುನ್ನ ಎರಡು ಪರೀಕ್ಷೆಗಳು ಆಗಬೇಕು. ಒಂದು ಕಾಗದಪತ್ರದ್ದು, ಇನ್ನೊಂದು ಕಟ್ಟಡದ್ದು. ಮೊದಲನೆಯದನ್ನು ನಮ್ಮ ಜನ ಸಾಮಾನ್ಯವಾಗಿ ಮಾಡಿಸುತ್ತಾರೆ. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರ ತೆಗೆಸುತ್ತಾರೆ. ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ ನೋಡುತ್ತಾರೆ. ಪಾಲುದಾರರ ಸಹಿ ಇದೆಯೇ ಎಂದು ವಕೀಲರನ್ನು ಕೇಳುತ್ತಾರೆ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಹಳ್ಳಿಯ ವಸತಿ ಜಾಗಗಳ ನಕ್ಷೆಯನ್ನೂ ತಯಾರಿಸಿದ್ದಾರೆ. ಇವೆಲ್ಲ ಬೇಕಾದವೇ. ಆದರೆ ನಕ್ಷೆಯು ಮನೆಯ ಅಳತೆ ಹೇಳುತ್ತದೆ, ಗೋಡೆಯ ಆರೋಗ್ಯ ಹೇಳುವುದಿಲ್ಲ.

"ಬ್ಯಾಂಕಿನ ಎಂಜಿನಿಯರು ಬಂದು ನೋಡಿ ಹೋಗಿದ್ದಾರಲ್ಲ" ಎನ್ನುವವರಿದ್ದಾರೆ. ಅವರು ಬಂದದ್ದು ಬ್ಯಾಂಕು ಕೊಡುವ ಸಾಲಕ್ಕೆ ತಕ್ಕ ಬೆಲೆ ಈ ಆಸ್ತಿಗೆ ಇದೆಯೇ ಎಂದು ತಿಳಿಯಲು. ಅದು ಮೌಲ್ಯಮಾಪನ. ನೀವು ಅದರ ಕೆಳಗೆ ನಿಶ್ಚಿಂತೆಯಾಗಿ ಮಲಗಬಹುದೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವುದು ಕಟ್ಟಡದ ಸ್ಥಿತಿ ಪರೀಕ್ಷೆ.

ತಲೆಯಿಂದ ಪಾದದವರೆಗೆ

ವೈದ್ಯರು ರೋಗಿಯನ್ನು ನೋಡುವಂತೆ ಮನೆಯನ್ನೂ ಒಂದು ಕ್ರಮದಲ್ಲಿ ನೋಡಬೇಕು. ಮಾಡಿನಿಂದ ಆರಂಭಿಸೋಣ.

ಮಲೆನಾಡು, ಕರಾವಳಿಗಳಲ್ಲಿ ಹೆಂಚಿನ ಮಾಡು ಸಾಮಾನ್ಯ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಹೆಂಚು ನಾಡಿನೆಲ್ಲೆಡೆ ಹಬ್ಬಿತು. ಇಂಥ ಮನೆಯನ್ನು ಮೊದಲು ದೂರದಿಂದ ನೋಡಿ. ಮಾಡಿನ ನೆತ್ತಿಯ ಗೆರೆ ನೇರವಾಗಿದೆಯೇ? ನಡುವೆ ಜೋಳಿಗೆಯಂತೆ ಜೋತಿದ್ದರೆ ಕೆಳಗಿನ ಪಕಾಸಿಯೋ ತೊಲೆಯೋ ಸೋತಿದೆ ಎಂದೇ ತಿಳಿಯಬೇಕು. ಒಡೆದ ಹೆಂಚು ಬದಲಿಸುವುದು ಒಂದು ದಿನದ ಕೆಲಸ. ಸೋತ ಮರ ಬದಲಿಸುವುದು ಹಾಗಲ್ಲ.

ಬಯಲುಸೀಮೆಯ ಮಾಳಿಗೆ ಮನೆಯ ಲೆಕ್ಕ ಬೇರೆ. ಅಲ್ಲಿ ಜಂತಿಗಳ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಕೋಣೆಯನ್ನು ತೆಗೆದುಕೊಳ್ಳಿ. ಅದರ ಮೇಲೆ ಒಂದಡಿ ದಪ್ಪದ ಮಣ್ಣಿದ್ದರೆ ಅದರ ಗಾತ್ರ ಸುಮಾರು 3.4 ಘನ ಮೀಟರ್. ಒಂದು ಘನ ಮೀಟರ್ ಒಣಮಣ್ಣಿಗೆ 1600 ಕಿಲೊ ಎಂದು ಹಿಡಿದರೆ ನಿಮ್ಮ ತಲೆಯ ಮೇಲಿರುವ ಭಾರ ಸುಮಾರು 5,400 ಕಿಲೊ. ಮಳೆಯಲ್ಲಿ ನೆಂದು ಅದು 1900 ಕಿಲೊ ಆದರೆ ಒಟ್ಟು ಭಾರ 6,400 ಕಿಲೊ ದಾಟುತ್ತದೆ. ಸೋರಿದಾಗಲೆಲ್ಲ ಹಳೆಯ ಮಣ್ಣು ತೆಗೆಯದೆ ಮೇಲೊಂದು ಪದರ ಹಾಕುತ್ತ ಹೋದರೆ ಭಾರ ಇನ್ನೂ ಏರುತ್ತದೆ. ಜಂತಿ ಮಾತ್ರ ಹಳೆಯದೇ.

ಇದರ ಪರಿಣಾಮ ಏನಾಗಬಹುದು ಎಂಬುದನ್ನು ನಮ್ಮ ನೆರೆಯ ಮಹಾರಾಷ್ಟ್ರದ ಕಿಲ್ಲಾರಿ ತೋರಿಸಿಕೊಟ್ಟಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿದಾಗ ಏಳು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ನಮ್ಮ ಬೀದರ, ಕಲಬುರಗಿಗಳವರೆಗೂ ಆ ನಡುಕ ಬಂದಿತ್ತು. ಅಲ್ಲಿ ಅಷ್ಟು ಜನರ ಜೀವ ತೆಗೆದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ ಮತ್ತು ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ದಪ್ಪ ಗೋಡೆ ಎಂದರೆ ಗಟ್ಟಿ ಗೋಡೆ ಎಂಬ ನಂಬಿಕೆ ಅಂದು ಮುರಿದುಬಿತ್ತು.

ಇನ್ನು ಮರ. ಗೆದ್ದಲು ಬೆಳಕಿಗೆ ಬರದ ಜೀವಿ. ಮಣ್ಣಿನ ಸಣ್ಣ ಕೊಳವೆ ಕಟ್ಟಿಕೊಂಡು ಗೋಡೆಯ ಮೇಲೆ ಏರುತ್ತದೆ. ಬಾಗಿಲ ಚೌಕಟ್ಟಿನ ಬುಡ, ಕಂಬದ ಬುಡ, ಜಂತಿಯ ತುದಿ, ಹೀಗೆ ಮರವು ಮಣ್ಣನ್ನೂ ತೇವವನ್ನೂ ಮುಟ್ಟುವ ಕಡೆಯೆಲ್ಲ ಹುಡುಕಬೇಕು. ಬೆರಳಿನಿಂದ ಬಡಿದರೆ ಗಟ್ಟಿ ಮರ ಒಂದು ಬಗೆಯ ಶಬ್ದ ಕೊಡುತ್ತದೆ, ಟೊಳ್ಳು ಮರ ಇನ್ನೊಂದು ಬಗೆಯದು. ಬಣ್ಣ ಬಳಿದ ಮರವೂ ಬಡಿದಾಗ ಸತ್ಯ ಹೇಳಿಬಿಡುತ್ತದೆ.

ಗೋಡೆಗೆ ಬರೋಣ. ನೆಲದಿಂದ ಮೂರಡಿ ಎತ್ತರದವರೆಗೆ ಬಣ್ಣ ಉಬ್ಬಿ, ಬಿಳಿಯ ಉಪ್ಪಿನ ಪುಡಿ ಕಾಣುತ್ತಿದೆಯೇ? ದೀಪದ ಬತ್ತಿಯಲ್ಲಿ ಎಣ್ಣೆ ಏರುವುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಅದೇ ಲೋಮನಾಳ ಕ್ರಿಯೆಯಿಂದ ನೆಲದ ನೀರು ಗೋಡೆಯೊಳಗೆ ಏರುತ್ತದೆ. ನೀರು ಆರಿದಾಗ ಅದರಲ್ಲಿ ಕರಗಿದ್ದ ಲವಣ ಹೊರಗೆ ಉಳಿಯುತ್ತದೆ. ಇದನ್ನು ಮುಚ್ಚಲು ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುವುದು ಈಗಿನ ರೂಢಿ. ಸುಣ್ಣದ ಗಿಲಾವಿನ ಮೂಲಕ ತೇವ ಆರಿಹೋಗುತ್ತದೆ; ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ. ಹೊರಗೆ ನುಣುಪು, ಒಳಗೆ ಮಣ್ಣು ಮೆತ್ತಗೆ. ಇದು ಹುಣ್ಣಿಗೆ ಔಷಧಿ ಹಾಕದೆ ಬಟ್ಟೆ ಕಟ್ಟಿದಂತೆ.

ಬಿರುಕುಗಳೆಲ್ಲ ಒಂದೇ ಅಲ್ಲ. ಗಿಲಾವಿನ ಮೇಲೆ ಕೂದಲೆಳೆಯಂತೆ ಹರಡಿದ ಬಿರುಕಿಗೆ ಹೆದರಬೇಕಿಲ್ಲ. ಆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಗೋಡೆಯ ಆಚೆ ಬದಿಯಲ್ಲೂ ಅದೇ ಜಾಗದಲ್ಲಿ ಕಾಣುವ ಬಿರುಕು ಪಾಯ ಕುಸಿದಿರುವ ಸೂಚನೆ. ಎರೆಮಣ್ಣಿನ ಸೀಮೆಯಲ್ಲಿ ಇದು ಹೆಚ್ಚು. ಆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಪಾಯ ಆಳವಾಗಿಲ್ಲದಿದ್ದರೆ ಮನೆಯೂ ಅದರ ಜೊತೆಗೆ ಏರಿಳಿಯುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಕೆಲವು ತಿಂಗಳ ನಂತರ ಬಿರುಕು ಗೆರೆ ದಾಟಿದ್ದರೆ ಅದು ಬೆಳೆಯುತ್ತಿದೆ. ಗೋಡೆ ವಾಲಿದೆಯೇ ಎಂದು ತಿಳಿಯಲು ದಾರಕ್ಕೆ ಕಟ್ಟಿದ ಒಂದು ತೂಕದ ಗುಂಡು ಸಾಕು. ಗುರುತ್ವಾಕರ್ಷಣೆ ಎಂದೂ ಸುಳ್ಳು ಹೇಳುವುದಿಲ್ಲ.

ಕೊನೆಯದಾಗಿ ನೀರು ಮತ್ತು ವಿದ್ಯುತ್ತು. ಮಳೆನೀರು ಗೋಡೆಯ ಬುಡದಲ್ಲಿ ನಿಲ್ಲುತ್ತದೆಯೇ? ಹಿಂದೆ ನೆರೆ ಎಲ್ಲಿಯವರೆಗೆ ಬಂದಿತ್ತು? 2009ರ ಮತ್ತು 2019ರ ಪ್ರವಾಹಗಳನ್ನು ಕಂಡ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇದನ್ನು ಮನೆ ಮಾರುವವರನ್ನಷ್ಟೇ ಅಲ್ಲ, ಅಕ್ಕಪಕ್ಕದವರನ್ನೂ ಕೇಳಬೇಕು. ಬಾವಿಯೋ ಕೊಳವೆಬಾವಿಯೋ ಇದ್ದರೆ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಶೌಚದ ಗುಂಡಿ ಬಾವಿಯ ಪಕ್ಕದಲ್ಲಿದೆಯೇ ಎಂದೂ ನೋಡಿ. ಹಳೆಯ ತಂತಿ ಮರದ ಜಂತಿಯ ಮೇಲೆ ಹಾದುಹೋಗಿದ್ದರೆ, ಭೂಸಂಪರ್ಕ ಇಲ್ಲದಿದ್ದರೆ, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾನೂನು ಏನು ಹೇಳುತ್ತದೆ?

1882ರ ಆಸ್ತಿ ವರ್ಗಾವಣೆ ಅಧಿನಿಯಮದ 55ನೆಯ ಕಲಮು ಮಾರುವವರ ಮೇಲೆ ಒಂದು ಹೊಣೆ ಹೊರಿಸಿದೆ. ತಮಗೆ ಗೊತ್ತಿರುವ ಮುಖ್ಯ ದೋಷವನ್ನು ಅವರು ಕೊಳ್ಳುವವರಿಗೆ ತಿಳಿಸಬೇಕು. ಆದರೆ ಅದಕ್ಕೊಂದು ಮಿತಿಯಿದೆ. ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ಕಾಣಬಹುದಾಗಿದ್ದ ದೋಷಕ್ಕೆ ಈ ಹೊಣೆ ಅನ್ವಯಿಸುವುದಿಲ್ಲ. ಅಂದರೆ ಕಣ್ಣಿಗೆ ಕಾಣುವಂತಿದ್ದ ಬಿರುಕನ್ನು ನೋಡದೆ ಮನೆ ಕೊಂಡು, ಆಮೇಲೆ "ಹೇಳಲಿಲ್ಲ" ಎಂದು ದೂರಿದರೆ ನ್ಯಾಯಾಲಯ ನಿಮ್ಮನ್ನೇ ಕೇಳಬಹುದು, "ನೀವು ಏಕೆ ನೋಡಲಿಲ್ಲ?" ಎಂದು. ಆ ಅಜ್ಜಿಯಂತೆ ಮಾರುವವರಿಗೇ ತಿಳಿಯದ ದೋಷವಾದರೆ ತಿಳಿಸುವ ಮಾತೇ ಬರುವುದಿಲ್ಲ. ಆದ್ದರಿಂದ ನೋಡುವ ಕೆಲಸ ಕೊಳ್ಳುವವರದೇ.

ಪರೀಕ್ಷೆಯ ನಂತರ

ಕಟ್ಟಡ ಬಲ್ಲ ಎಂಜಿನಿಯರೊಬ್ಬರು, ಜೊತೆಗೆ ಆ ಊರಿನ ಅನುಭವಿ ಗೌಂಡಿ ಮತ್ತು ಬಡಿಗರು, ಈ ಮೂವರೂ ಸೇರಿದರೆ ಪರೀಕ್ಷೆ ಪೂರ್ಣವಾಗುತ್ತದೆ. ಎಂಜಿನಿಯರಿಗೆ ಲೆಕ್ಕ ಗೊತ್ತು. ಗೌಂಡಿಗೆ ಆ ಊರಿನ ಮಣ್ಣು ಗೊತ್ತು. ಮುಂಗಡ ಕೊಡುವ ಮೊದಲೇ ಇದು ಆಗಬೇಕು, ಮತ್ತು ವರದಿ ಬರಹದಲ್ಲಿರಬೇಕು. ಕಂಡ ದೋಷಗಳನ್ನು ಮೂರು ಗುಂಪು ಮಾಡಿ: ಒಳಗೆ ಕಾಲಿಡುವ ಮೊದಲೇ ಸರಿಪಡಿಸಬೇಕಾದವು, ಒಂದೆರಡು ವರ್ಷದಲ್ಲಿ ಮಾಡಬಹುದಾದವು, ಸುಮ್ಮನೆ ಗಮನಿಸುತ್ತಿದ್ದರೆ ಸಾಕಾದವು. ಪ್ರತಿಯೊಂದರ ಎದುರಿಗೆ ಖರ್ಚಿನ ಅಂದಾಜು ಬರೆಯಿರಿ. ಆಗ ಬೆಲೆಯ ಮಾತು ಜಗಳವಾಗುವುದಿಲ್ಲ, ಲೆಕ್ಕವಾಗುತ್ತದೆ. ಸಾಧ್ಯವಾದರೆ ಮನೆಯನ್ನು ಮಳೆಗಾಲದಲ್ಲಿ ಇನ್ನೊಮ್ಮೆ ನೋಡಿ. ಬೇಸಿಗೆಯಲ್ಲಿ ಎಲ್ಲ ಮನೆಗಳೂ ಒಳ್ಳೆಯವೇ.

ನಮ್ಮ ಕಾಕಾ ಏನು ಮಾಡಿದರೆಂದು ನೀವು ಕೇಳಬಹುದು. ಅವರು ಮನೆ ಬಿಡಲಿಲ್ಲ. ಆ ಸಂಜೆಯೇ ಗೌಂಡಿಯವರು ಜಂತಿಗಳ ಕೆಳಗೆ ಆಸರೆಯ ಕಂಬ ನಿಲ್ಲಿಸಿದರು. ಅಜ್ಜಿಯ ಹಾಸಿಗೆ ಪಡಸಾಲೆಗೆ ಬಂತು. ಮಾಳಿಗೆಯ ಖರ್ಚನ್ನು ಇಬ್ಬರೂ ಕುಳಿತು ಲೆಕ್ಕ ಹಾಕಿ, ಅದರ ಅರ್ಧವನ್ನು ಬೆಲೆಯಿಂದ ಕಳೆದರು. ಪೂರ್ತಿ ಕಳೆಯಿರಿ ಎಂದು ನಾನು ಹೇಳಿದಾಗ ಕಾಕಾ, "ಆಕಿ ಮೋಸ ಮಾಡಿಲ್ಲ, ನಾವೂ ಮಾಡೂದು ಬ್ಯಾಡ" ಎಂದರು. ಮಳೆಗಾಲಕ್ಕೆ ಮುಂಚೆ ಮಣ್ಣು ಇಳಿಸಿದಾಗ ಏಳು ಜಂತಿಗಳಲ್ಲಿ ಮೂರು ಎತ್ತುವಾಗಲೇ ಮುರಿದವು.

ಈ ವಾರ ನೀವೊಂದು ಕೆಲಸ ಮಾಡಿ. ಕೊಳ್ಳುವ ಮನೆಯನ್ನಲ್ಲ, ನೀವು ವಾಸಿಸುವ ಮನೆಯನ್ನೇ ಪರೀಕ್ಷಿಸಿ. ಒಂದು ಹಾಳೆ, ಪೆನ್ಸಿಲು, ದಾರ, ತೂಕಕ್ಕೆ ಒಂದು ಕಲ್ಲು ಇದ್ದರೆ ಸಾಕು. ಮಾಡಿನಿಂದ ಪಾಯದವರೆಗೆ ಕಂಡದ್ದನ್ನು ಬರೆಯಿರಿ. ಮನೆಯ ಹಿರಿಯರಿಗೆ ತೋರಿಸಿ, ಅವರಿಗೆ ತಿಳಿದದ್ದನ್ನೂ ಸೇರಿಸಿಕೊಳ್ಳಿ. ಎಲ್ಲಾದರೂ ಜಂತಿಯ ತುದಿ ಮೆತ್ತಗಿದ್ದರೆ, ಅದರ ಕೆಳಗೆ ಯಾರು ಮಲಗುತ್ತಾರೆ ಎಂದು ಮೊದಲು ಕೇಳಿ.