ಸಂಜೆ ನಾಲ್ಕಕ್ಕೆ ಖಾಲಿಯಾಗುವ ಊರು

(ನಮ್ಮ ಬಳಗದ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಹತ್ತೇ ನಿಮಿಷದಲ್ಲಿ ಮುಗಿಸಬೇಕೆಂದು ಸಂಘಟಕರು ಹೇಳಿದ್ದಾರೆ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ಕಳೆದ ವರ್ಷ ಅಕ್ಟೋಬರ್ ಮೊದಲ ವಾರ ನಮ್ಮ ಬೆಂಗಳೂರು ಕಚೇರಿಯಿಂದ ನಾಲ್ವರು ಸಹೋದ್ಯೋಗಿಗಳು ಆರು ವಾರದ ಕೆಲಸಕ್ಕೆಂದು ಗೋಥೆನ್‌ಬರ್ಗ್‌ಗೆ ಬಂದರು. ಮಂಡ್ಯದ ಒಬ್ಬ ಹುಡುಗ, ಮಂಗಳೂರಿನವರೊಬ್ಬರು, ಹಾಸನದ ಕಾಫಿ ತೋಟದ ಮನೆಯವರೊಬ್ಬರು, ಧಾರವಾಡದ ಒಬ್ಬ ಹೆಣ್ಣುಮಗಳು. ಟ್ರಾಮ್ ಟಿಕೆಟ್ಟಿನ ಆ್ಯಪ್ ಹಾಕಿಕೊಡುವುದು, ತೊಗರಿಬೇಳೆ ಸಿಗುವ ಅಂಗಡಿ ತೋರಿಸುವುದು ಇಲ್ಲೇ ಇರುವ ನನ್ನ ಪಾಲಿಗೆ ಬಂತು. ನಾಲ್ವರೂ ಕಂಡದ್ದು ಒಂದೇ ಊರು. ಆದರೆ ಅವರು ಹೇಳಿದ್ದನ್ನು ಕೇಳಿದರೆ ನಾಲ್ಕು ಊರು ಅನ್ನಿಸುತ್ತಿತ್ತು.

ಮಂಡ್ಯದ ಹುಡುಗ ಮೊದಲ ದಿನವೇ ಕೇಳಿದ, "ಸಾ, ನಮ್ ಐರಾವತ ಹುಟ್ಟಿದ ಊರು ಇದೇನಾ?" ನಗಬೇಡಿ, ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮಲ್ಲಿ ವೋಲ್ವೋ ಅಂದರೆ ಕಾರಲ್ಲ, ಬಸ್ಸು. ಹೊಸಕೋಟೆಯಲ್ಲಿ 1998ರಿಂದ ವೋಲ್ವೋ ಲಾರಿಗಳು ತಯಾರಾಗುತ್ತಿವೆ. ಆ ಕಂಪನಿಯ ಮೊದಲ ಕಾರು 1927ರಲ್ಲಿ ಹೊರಬಂದದ್ದು ಈ ಊರಿನಿಂದಲೇ. ಹೊಸಕೋಟೆ ಹೆದ್ದಾರಿಯಲ್ಲಿ ಓಡಾಡಿದವನಿಗೆ ಇದು ಪೂರ್ತಿ ಪರಊರೇನಲ್ಲ.

ಮಂಗಳೂರಿನವರಿಗೆ ಕಂಡದ್ದು ಬಂದರು. ಯೋತಾ ನದಿಯ ದಡದಲ್ಲಿ ನಿಂತು, "ಎಂಥ ಗಾಳಿ ಮಾರಾಯ್ರೆ, ಮಳೆ ಮೇಲಿಂದ ಅಲ್ಲ, ಪಕ್ಕದಿಂದ ಬರ್ತದೆ" ಎಂದರು. ಆಗುಂಬೆಯಲ್ಲಿ ನೆಂದವರಿಗೂ ಈ ಮಳೆ ಹೊಸದೇ. 'ಮೀನಿನ ಚರ್ಚು' ಎಂದು ಕರೆಯುವ 1874ರ ಮೀನು ಮಾರುಕಟ್ಟೆ ಅವರಿಗೆ ಬಹಳ ಹಿಡಿಸಿತು. ಹೊರಗಿನಿಂದ ನೋಡಿದರೆ ಥೇಟ್ ಚರ್ಚು, ಒಳಗೆ ಮೀನು. ನಾವು ದಿನಾ ಪುಕ್ಕಟೆ ದೋಣಿಯಲ್ಲಿ ನದಿ ದಾಟಿ ಲಿಂಡ್‌ಹೋಲ್ಮೆನ್‌ಗೆ ಕೆಲಸಕ್ಕೆ ಹೋಗುತ್ತೇವಲ್ಲ, ಆ ದಡದ ಉದ್ದಕ್ಕೂ ಹಿಂದೆ ಹಡಗು ಕಟ್ಟುವ ಕಾರ್ಖಾನೆಗಳಿದ್ದವು. 1970ರ ದಶಕದಲ್ಲಿ ಹಡಗಿನ ವ್ಯಾಪಾರ ಕುಸಿದ ಮೇಲೆ ಒಂದೊಂದೇ ಮುಚ್ಚಿದವು. ಎರಿಕ್ಸ್‌ಬರ್ಗಿನಲ್ಲಿ ನಿಂತಿರುವ ಕಿತ್ತಳೆ ಬಣ್ಣದ ದೊಡ್ಡ ಕ್ರೇನು ಆ ಕಾಲದ್ದು. ಕಬ್ಬಿಣ ಬಡಿಯುತ್ತಿದ್ದ ದಡದಲ್ಲಿ ಈಗ ನಾವು ಕೀಬೋರ್ಡು ಬಡಿಯುತ್ತೇವೆ.

ಹಾಸನದವರ ದೂರು ಕಾಫಿಯದು. "ಚಿಕೋರಿ ಇಲ್ಲ, ಹಾಲು ಕಾಯಿಸಿಲ್ಲ, ಇದೇನು ಕಾಫಿಯೋ ಕಷಾಯವೋ?" ಮೂರನೆಯ ವಾರಕ್ಕೆ ಅವರೇ ಎಲ್ಲರಿಗಿಂತ ಮೊದಲು 'ಫೀಕಾ'ಕ್ಕೆ ಏಳುತ್ತಿದ್ದರು. ಫೀಕಾ ಅಂದರೆ ಬರೀ ಕಾಫಿ ಅಲ್ಲ. ಎಲ್ಲರೂ ಕೆಲಸ ಬಿಟ್ಟೆದ್ದು, ಒಂದು ಮೇಜಿಗೆ ಬಂದು, ದಾಲ್ಚಿನ್ನಿ ಬನ್ನು ತಿನ್ನುತ್ತಾ ಕೂರುವುದು. ಮೀಟಿಂಗಿನಲ್ಲಿ ಬಾಯಿ ಬಿಡದವರು ಅಲ್ಲಿ ಮಾತಾಡುತ್ತಾರೆ. ಈ ಮೇಜಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಮಂಡ್ಯದ ಹುಡುಗನಿಗೆ ಕಷ್ಟವಾದದ್ದು ಚಳಿಯಲ್ಲ, ಹೆಸರು. ಇಲ್ಲಿ ಮೇಲಧಿಕಾರಿಯನ್ನೂ ಹೆಸರು ಹಿಡಿದೇ ಕರೆಯಬೇಕು. ಸ್ವೀಡಿಷಿನಲ್ಲೂ ಹಿಂದೆ ಪದವಿ, ಬಿರುದು ಹೇಳಿ ಮಾತಾಡಿಸುವ ಪದ್ಧತಿ ಇತ್ತು. 1967ರಲ್ಲಿ ಬ್ರೂರ್ ರೆಕ್ಸೆಡ್ ಎಂಬವರು ಸರ್ಕಾರದ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾದಾಗ, ತಾನು ಕಚೇರಿಯಲ್ಲಿ ಎಲ್ಲರನ್ನೂ 'ದೂ', ಅಂದರೆ 'ನೀನು' ಎಂದೇ ಮಾತಾಡಿಸುತ್ತೇನೆ ಎಂದು ಸಾರಿದರು. ಅದೇ ಕಾಲದಲ್ಲಿ ನಾಡಿಗೆ ನಾಡೇ ಆ ಕಡೆ ತಿರುಗಿತು. ನಮ್ಮ ಹುಡುಗನ ನಾಲಿಗೆ ಮಾತ್ರ ಆರು ವಾರವೂ ಹೊರಳಲಿಲ್ಲ. ಕೊನೆಗೆ ಹೆಸರಿನ ಹಿಂದೆ 'ಸಾ' ಸೇರಿಸಿಯೇ ಕರೆದ. ಅದು ಸ್ವೀಡಿಷ್ ಪದವಿರಬೇಕೆಂದು ಅವರು ಸುಮ್ಮನಿದ್ದರು.

ಇನ್ನು ಧಾರವಾಡದವರು. ಅವರು ಕಂಡದ್ದು ಹೀಗೆ: "ಸಂಜೀ ನಾಕಕ್ಕ ಊರೆಲ್ಲಾ ಖಾಲಿ ಆಗ್ತದ ನೋಡ್ರಿ. ಆಫೀಸ್ ಖಾಲಿ, ಟ್ರಾಮ್ ಭರ್ತಿ. ಗಂಡಸರು ಕೂಸಿನ ಗಾಡಿ ತಳ್ಕೋತ ಹೊಂಟಾರ!" ಉಳಿದವರು ಇದನ್ನು ಚಳಿಗೆ, ಬೇಗ ಬೀಳುವ ಕತ್ತಲಿಗೆ, ಜನ ಕಡಿಮೆ ಇರುವುದಕ್ಕೆ ಕಟ್ಟಿದರು. ನಾನು ಒಪ್ಪಲಿಲ್ಲ. ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ, ಆಗಲೂ ನಾಲ್ಕಕ್ಕೇ ಹೊರಡುತ್ತಾರೆ. ಇದು ಹವೆಯ ಗುಣವಲ್ಲ, ಜನ ಕೇಳಿ ಪಡೆದದ್ದು. ಕಾರ್ಮಿಕ ಸಂಘಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 1919ರಲ್ಲಿ ಎಂಟು ಗಂಟೆ ದುಡಿಮೆಯ ಕಾನೂನು ಬಂತು. 1974ರಲ್ಲಿ ಹೆರಿಗೆ ರಜೆಯನ್ನು ತಾಯಿ ತಂದೆ ಇಬ್ಬರ ರಜೆಯಾಗಿ ಮಾಡಿದರು. ಈಗ ಒಂದು ಮಗುವಿಗೆ 480 ದಿನ. ಅದರಲ್ಲಿ ತಲಾ 90 ದಿನ ಒಬ್ಬರದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಅಪ್ಪ ತನ್ನ ಪಾಲು ತೆಗೆದುಕೊಳ್ಳದಿದ್ದರೆ ಅದು ಹೋದಂತೆಯೇ. ನಮ್ಮಲ್ಲಿ 2017ರ ತಿದ್ದುಪಡಿಯಿಂದ ತಾಯಿಗೆ 26 ವಾರ ಸಿಗುತ್ತದೆ. ಅಪ್ಪಂದಿರಿಗೆ ಕೇಂದ್ರ ಸರ್ಕಾರಿ ನೌಕರಿಯಾದರೆ 15 ದಿನ, ಖಾಸಗಿಯಲ್ಲಾದರೆ ಕಂಪನಿ ಕೊಟ್ಟಷ್ಟು.

ಇಲ್ಲಿಯವರೆಗಿನದು ಪ್ರವಾಸಿಯ ಮೆಚ್ಚುಗೆ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಬೆಂಗಳೂರಿಗೂ ನಮಗೂ ಮೂರೂವರೆ ಗಂಟೆ ಇದ್ದ ಅಂತರ ನಾಲ್ಕೂವರೆ ಆಗುತ್ತದೆ. ನಮ್ಮ ದಿನದ ಮೀಟಿಂಗು ಇಲ್ಲಿಯ ಮಧ್ಯಾಹ್ನ ಮೂರಕ್ಕೆ. ಬೆಂಗಳೂರಿನಲ್ಲಿ ಆರೂವರೆಗೆ ಇದ್ದದ್ದು ಆ ಸೋಮವಾರದಿಂದ ಏಳೂವರೆ ಆಯಿತು. ಮುಗಿಸಿ, ಟ್ರಾಫಿಕ್ ದಾಟಿ ಮನೆ ಸೇರುವಾಗ ಹತ್ತು. ಇಲ್ಲಿಯವರು ನಾಲ್ಕಕ್ಕೆ ಗಾಡಿ ತಳ್ಳಿಕೊಂಡು ಹೋಗುವ ಹೊತ್ತಿಗೆ ಅಲ್ಲಿಯವರು ಇನ್ನೂ ಹೆಡ್‌ಫೋನ್ ಹಾಕಿಕೊಂಡೇ ಕೂತಿರುತ್ತಾರೆ.

ಧಾರವಾಡದವರು ಅದನ್ನು ಮೊದಲ ಸಲ ಈ ಕಡೆಯಿಂದ ನೋಡಿದರು. ನನ್ನ ಹತ್ತಿರ ಹೇಳಿದ್ದು ಇಷ್ಟೇ: "ದಿನಾ ನಾ ಮನೀಗೆ ಹೋಗೂದ್ರಾಗ ಮಗಳು ಮಲಗಿರ್ತಾಳ್ರಿ. ಇವರ ಕೂಸಿಗೆ ನಾಕು ಗಂಟೆ ಅದ, ನನ್ನ ಮಗಳಿಗೆ ಯಾಕ ಇಲ್ಲ?" ಎರಡು ದಿನ ಯೋಚಿಸಿದರು. ಬುಧವಾರ ಫೀಕಾ ಮೇಜಿನಲ್ಲಿ, ಬನ್ನು ಕೈಯಲ್ಲಿರುವಾಗಲೇ ಟೀಮಿನ ಮುಖ್ಯಸ್ಥನನ್ನು ಹೆಸರು ಹಿಡಿದು ಕರೆದು ಕೇಳಿದರು: ಮೀಟಿಂಗನ್ನು ಬೆಳಿಗ್ಗೆಗೆ ಹಾಕಬಹುದೇ? ಮೇಜಿನ ಸುತ್ತ ಕೂತ ನಮ್ಮ ಕಡೆಯವರೆಲ್ಲ ತಟ್ಟೆ ನೋಡುತ್ತಿದ್ದರು.

ಆತ ಕ್ಯಾಲೆಂಡರ್ ತೆಗೆದ. "ಒಂಬತ್ತೂವರೆ ಆಗಬಹುದಾ? ಅದಕ್ಕೂ ಮೊದಲು ನಾನು ಮಗಳನ್ನು ಶಿಶುಶಾಲೆಗೆ ಬಿಡಬೇಕು" ಎಂದ. ಬೆಂಗಳೂರಿಗೆ ಅದು ಮಧ್ಯಾಹ್ನ ಎರಡು. ಆಮೇಲೆ, "ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ" ಎಂದ. ಅವನು ಬೇಕಂತ ಮಾಡಿದ್ದಲ್ಲ. ಬೆಂಗಳೂರಿನಿಂದ ಪ್ರತಿಸಲ ಬರುತ್ತಿದ್ದದ್ದು 'ನೋ ಪ್ರಾಬ್ಲಂ'. ನಮ್ಮಲ್ಲಿ ಅದು ಮರ್ಯಾದೆಯ ಮಾತು. ಇಲ್ಲಿ ಅದರ ಅರ್ಥ ತೊಂದರೆ ಇಲ್ಲ ಎಂದಷ್ಟೇ.

ಸ್ವೀಡನ್ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಬಾಡಿಗೆ ಮನೆಯ ಸರದಿ ಏನೆಂದು ಇಲ್ಲಿ ಕೂತವರಿಗೆ ಗೊತ್ತು, ಡಿಸೆಂಬರಿನ ಕತ್ತಲೆಯೂ ಗೊತ್ತು. ಕೆಲಸದ ಪರವಾನಗಿಯ ಮೇಲೆ ಇರುವವರು ಕೆಲಸ ಹೋದರೆ ದಿನ ಎಣಿಸಬೇಕು, ಹಾಗಾಗಿ ಬಾಯಿ ತೆರೆಯಲು ಹಿಂಜರಿಯುತ್ತೇವೆ. ಆ ಅಂಜಿಕೆ ಸುಳ್ಳಲ್ಲ. ಆದರೆ ಧಾರವಾಡದವರು ಕೇಳಿದ್ದು ಸಂಬಳವನ್ನಲ್ಲ, ರಜೆಯನ್ನೂ ಅಲ್ಲ. ಮೀಟಿಂಗಿನ ಹೊತ್ತನ್ನು. ಅದರಿಂದ ಬೆಂಗಳೂರಿನ ಹನ್ನೊಂದು ಜನರ ಸಂಜೆ ಅವರಿಗೇ ಉಳಿಯಿತು. ಅವರಲ್ಲಿ ಬಹಳ ಮಂದಿ ಈ ಊರನ್ನು ನೋಡಿಯೇ ಇಲ್ಲ.

ಆದ್ದರಿಂದ ಗೆಳೆಯರೇ, ಮುಂದಿನ ತಂಡ ಬಂದಾಗ ಪೊಸೈಡನ್ ಮೂರ್ತಿ ತೋರಿಸಿ, ಲಿಸೆಬರಿಗೂ ಕರೆದುಕೊಂಡು ಹೋಗಿ. ಜೊತೆಗೆ ಮೊದಲ ವಾರವೇ ಅವರನ್ನು ಫೀಕಾ ಮೇಜಿಗೆ ಕೂರಿಸಿ, ಇಲ್ಲಿ ಹೆಸರು ಹಿಡಿದು ಕರೆಯಬಹುದು, ಬೇಕಾದದ್ದನ್ನು ಕೇಳಬಹುದು ಎಂದು ಹೇಳಿ. ಅವರು ಊರಿಗೆ ಮರಳುವಾಗ ಪೆಟ್ಟಿಗೆಯಲ್ಲಿ ಚಾಕೊಲೇಟ್ ಇದ್ದೇ ಇರುತ್ತದೆ. ಆ ಮಾತನ್ನೂ ಒಯ್ಯಲಿ.

ಜೈ ಕರ್ನಾಟಕ.