ಸಂಶಯದ ಕೋಟೆಯ ಬೀಗ

ಧರ್ಮವಿಶ್ವಾಸದ ಮೇಲೆ ಬರುವ ಆಕ್ಷೇಪಗಳಿಗೆ ತರ್ಕದಿಂದಲೂ ಚರಿತ್ರೆಯ ಆಧಾರದಿಂದಲೂ ಉತ್ತರ ಕೊಡುವ ಬರವಣಿಗೆಯನ್ನು ವಿಶ್ವಾಸಸಮರ್ಥನೆ ಎನ್ನಬಹುದು. ಕ್ರೈಸ್ತ ಸಾಹಿತ್ಯದಲ್ಲಿ ಅದರ ಜೊತೆಜೊತೆಗೇ, ಕಷ್ಟದಲ್ಲಿ ಎದೆಗುಂದದೆ ನಡೆಯುವ ಬಗೆಯನ್ನು ಹೇಳುವ ಪುಸ್ತಕಗಳೂ ಬೆಳೆದಿವೆ.

ಕರ್ನಾಟಕದ ಬಳ್ಳಾರಿಗೆ ಕ್ರೈಸ್ತ ಸಾಹಿತ್ಯದೊಡನೆ ಹಳೆಯ ನಂಟಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು, ಕನ್ನಡ ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತರುವುದರಲ್ಲಿ ವರ್ಷಗಟ್ಟಲೆ ತೊಡಗಿದರು. ಅವರ ಸಹೋದ್ಯೋಗಿ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾಯಿತು. ಪಾಂಡಿತ್ಯದಷ್ಟೇ ತಾಳ್ಮೆಯನ್ನೂ ಬೇಡುವ ದುಡಿಮೆ ಅದು.

ಅದೇ ಶತಮಾನದಲ್ಲಿ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದ ಜಾನ್ ಬನಿಯನ್‌ನ 1678ರ ಕೃತಿ ಸಂಶಯವನ್ನು ವಾದದಿಂದಲ್ಲ, ಕಥೆಯಿಂದ ಎದುರಿಸುತ್ತದೆ. ಬೋಧನೆ ನಿಲ್ಲಿಸಲೊಪ್ಪದೆ ಸುಮಾರು 12 ವರ್ಷ ಸೆರೆಯಲ್ಲಿದ್ದ ಬನಿಯನ್‌ಗೆ ಕತ್ತಲೆಕೋಣೆಯ ಅನುಭವ ಸ್ವಂತದ್ದು. ಕಥೆಯಲ್ಲಿ, ಸುಲಭದ ದಾರಿಯೆಂದು ಹುಲ್ಲುಗಾವಲಿಗಿಳಿದ ಇಬ್ಬರು ಯಾತ್ರಿಕರು ಹತಾಶೆಯೆಂಬ ದೈತ್ಯನ ಕೈಗೆ ಸಿಕ್ಕಿ, ಸಂಶಯದ ಕೋಟೆಯಲ್ಲಿ ಹಲವು ದಿನ ಅನ್ನನೀರಿಲ್ಲದೆ ಏಟು ತಿನ್ನುತ್ತಾರೆ. ರಾತ್ರಿಯಿಡೀ ಪ್ರಾರ್ಥಿಸಿದ ಮೇಲೆ ಒಬ್ಬನಿಗೆ ತನ್ನ ಎದೆಯಲ್ಲೇ ವಾಗ್ದಾನವೆಂಬ ಕೀಲಿಕೈ ಇರುವುದು ನೆನಪಾಗುತ್ತದೆ. ಒಳಬಾಗಿಲುಗಳು ಸರಾಗವಾಗಿ ತೆರೆದರೂ ಹೊರಗಿನ ಕಬ್ಬಿಣದ ಬಾಗಿಲಿನ ಬೀಗ ಬಹಳ ಬಿಗಿಯಾಗಿರುತ್ತದೆ. ಈ ವಿವರವೊಂದೇ ಕೃತಿಯ ಪ್ರಾಮಾಣಿಕತೆಗೆ ಸಾಕ್ಷಿ.

ಆಧುನಿಕ ಕಾಲದಲ್ಲಿ ಲೇಖಕ ಸಿ. ಎಸ್. ಲೂಯಿಸ್ 1940ರ ಪುಸ್ತಕವೊಂದರಲ್ಲಿ ನೋವಿನ ಸಮಸ್ಯೆಯನ್ನು ತರ್ಕಬದ್ಧವಾಗಿ ವಿವೇಚಿಸಿದರು. ಆದರೆ 1960ರಲ್ಲಿ ಪತ್ನಿ ತೀರಿಕೊಂಡ ಮೇಲೆ ಬರೆದ ಪುಟ್ಟ ಪುಸ್ತಕದಲ್ಲಿ ದೇವರ ಮೇಲಿನ ಸಿಟ್ಟು, ಅನುಮಾನಗಳನ್ನೂ ಮುಚ್ಚಿಡಲಿಲ್ಲ. ದುಃಖದಲ್ಲಿರುವ ಓದುಗರಿಗೆ ಮೊದಲನೆಯದಕ್ಕಿಂತ ಈ ಎರಡನೆಯದೇ ಹೆಚ್ಚು ಹತ್ತಿರವಾದೀತು.